ಇಪ್ಪತ್ತನಾಲ್ಕರ ಕಲ್ಲು

ನಾನು ಒಂದು ಮೈಲಿಗಲ್ಲು. ಹುಟ್ಟಿದ್ದು ಕಲ್ಲಿನ ಗಣಿಯಲ್ಲಿ, ಉಳಿಯ ಏಟು ತಿನ್ನುತ್ತ. ತಲೆಗೆ ಹಳದಿ ಬಳಿದು, ಎದೆಯ ಮೇಲೆ ‘ಹುಬ್ಬಳ್ಳಿ ೨೪’ ಎಂದು ಬರೆದು ಹೆದ್ದಾರಿಯ ಪಕ್ಕ ನೆಟ್ಟ ದಿನ ನನಗೆ ಎಲ್ಲಿಲ್ಲದ ಜಂಬ. ಬಂದವರೆಲ್ಲ ನನ್ನ ಮುಖ ನೋಡಿಯೇ ಮುಂದೆ ಹೋಗಬೇಕಲ್ಲ!

ಗಂಡ ತೀರಿಕೊಂಡ ವರ್ಷ ಫಕೀರವ್ವ ನನ್ನ ಮಗ್ಗುಲಲ್ಲಿ ತಗಡಿನ ಚಪ್ಪರ ಹಾಕಿ ಖಾನಾವಳಿ ತೆರೆದಳು. ಲಾರಿಯವರು ಅದನ್ನು ‘ಇಪ್ಪತ್ನಾಕರ ಖಾನಾವಳಿ’ ಎಂದು ಕರೆದರು. ಅಂದಿನಿಂದ ಅವಳ ವಿಳಾಸ ನಾನೇ. ಬಿಸಿಲಿಗೆ ನನಗೆ ಜೋಂಪು ಹತ್ತುತ್ತಿತ್ತು; ರೊಟ್ಟಿ ಬಡಿಯುವ ಸದ್ದು, ದೂರದ ಹಾರ್ನು ಎಲ್ಲ ಒಂದೇ ಜೋಗುಳವಾಗಿ ಕೇಳುತ್ತಿತ್ತು. “ಇಮಾಮಣ್ಣ ಬಂದ” ಎನ್ನುತ್ತ, ಬರೀ ಅವನ ಲಾರಿಯ ಹಾರ್ನು ಕೇಳಿಯೇ ಅವಳು ಹಂಚನ್ನು ಒಲೆಗಿಡುತ್ತಿದ್ದಳು.

ಒಂದು ದಿನ ಅಲ್ಲಿ ಶಾಮಿಯಾನ ಎದ್ದಿತು. ಹಗ್ಗವನ್ನು ನನ್ನ ಕೊರಳಿಗೇ ಬಿಗಿದರು. ಬೈಪಾಸ್ ರಸ್ತೆಯ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆಯಂತೆ. ಸಾಹೇಬರು ನಕಾಶೆ ಬಿಡಿಸಿ, ಖರ್ಚು ನೂರಾ ಎಪ್ಪತ್ತು ಕೋಟಿ, ಉಳಿಯುವುದು ಹದಿನಾಲ್ಕು ನಿಮಿಷ ಎಂದರು. ಜಮೀನು ಕಳೆದುಕೊಳ್ಳುವವರಿಗೆ ಪರಿಹಾರ ಉಂಟು ಎಂದರು.

ಶಾಲೆಯ ಮಂಟೂರ ಮಾಸ್ತರರು ಎದ್ದರು. “ಮಕ್ಕಳು ಜೀವಾ ಕೈಯಾಗ ಹಿಡ್ಕೊಂಡು ರಸ್ತಾ ದಾಟ್ತಾವ. ಬೈಪಾಸ್ ಬೇಕ ಬೇಕ್ರಿ.” ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ.

ಫಕೀರವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. “ನನಗ ಹೊಲಾ ಇಲ್ರೀ ಸಾಹೇಬ್ರ. ಈ ರಸ್ತಾನ ನನ್ನ ಹೊಲ. ಗಾಡಿ ಅತ್ತಾಗ ಹೋದ್ರ ನನ್ನ ಒಲಿ ಆರತೈತ್ರಿ.”

“ಜಾಗದ ಸರ್ವೆ ನಂಬರ್ ಹೇಳವ್ವಾ. ಅದಿಲ್ದ ಅರ್ಜಿ ಬರ್ಕೊಳ್ಳಾಕ ಬರೂದಿಲ್ಲ,” ಅಂದ ಗುಮಾಸ್ತ.

ಅವಳು ತಡಬಡಿಸಿ ನನ್ನ ಕಡೆ ಕೈ ತೋರಿಸಿದಳು. “ನಮ್ದು ಇಪ್ಪತ್ನಾಕ್ರಿ.”

ಅವನು ತಲೆ ಎತ್ತದೆ ಬರೆದುಕೊಂಡ. ಅಯ್ಯೋ, ಅದು ಜಾಗದ ನಂಬರಲ್ಲ, ಹುಬ್ಬಳ್ಳಿಯ ದೂರ! ಬಾಯಿದ್ದಿದ್ದರೆ ಕೂಗಿಬಿಡುತ್ತಿದ್ದೆ.

ಮೂರು ತಿಂಗಳಿಗೆ ಉತ್ತರ ಬಂತು. ಓದಿ ಹೇಳಿದವರು ಮಾಸ್ತರರೇ. “ಸರ್ವೆ ನಂಬರ್ ೨೪ಕ್ಕೆ ಹೊಸ ರಸ್ತೆ ತಾಗುವುದಿಲ್ಲ. ಆದ್ದರಿಂದ ಅರ್ಜಿದಾರರಿಗೆ ಯಾವುದೇ ನಷ್ಟ ಇರುವುದಿಲ್ಲ.” ಓದುತ್ತ ಓದುತ್ತ ಅವರ ದನಿ ಇಳಿಯಿತು.

“ತಾಗೂದಿಲ್ಲ ಅಂತನ ಅಲ್ರೀ ಮಾಸ್ತರ, ನಾ ಹೇಳಿದ್ದು?” ಅಂದಳು ಫಕೀರವ್ವ. ಅವರು ಕಾಗದ ಮಡಚಿ ಅವಳ ಕೈಗಿಟ್ಟರು.

ಬೈಪಾಸ್ ಆಯಿತು. ಈಗ ಮಕ್ಕಳು ರಸ್ತೆಯ ನಡುವೆಯೇ ಕುಂಟೆಬಿಲ್ಲೆ ಆಡುತ್ತಾರೆ, ನೋಡಿದರೆ ಖುಷಿಯಾಗುತ್ತದೆ. ಹೆದ್ದಾರಿಯೇ ಅಲ್ಲದ ಮೇಲೆ ಹಳದಿ ತಲೆಯ ಕಲ್ಲೇಕೆ ಎಂದು ನನ್ನನ್ನು ಕಿತ್ತುಹಾಕಿದರು. ಫಕೀರವ್ವ ನಾಲ್ಕು ಜನರನ್ನು ಕರೆದು ನನ್ನನ್ನು ಉರುಳಿಸಿಕೊಂಡು ಹೋಗಿ ಬಾಗಿಲ ಬಳಿ ಇರಿಸಿಕೊಂಡಳು. ವಯಸ್ಸಾಯಿತು, ಬಣ್ಣ ಉದುರಿದೆ. ಇಷ್ಟು ವರ್ಷ ದೂರ ಹೇಳುವುದೇ ನನ್ನ ಕೆಲಸವಾಗಿತ್ತು. ಆದರೆ ಹೊಲದಾಚೆ ಕಾಣುವ ಆ ಹೊಸ ರಸ್ತೆ ಇಲ್ಲಿಂದ ಎಷ್ಟು ದೂರ ಎಂದು ಹೇಳಲು ನನಗೆ ಬರುವುದಿಲ್ಲ.

ಮುಸ್ಸಂಜೆ ಅವಳು ನನಗೆ ಒರಗಿ ಕೂರುತ್ತಾಳೆ. ಜೋಳದ ತೆನೆಗಳ ಮೇಲೆ ಲಾರಿಗಳು ತೇಲಿದಂತೆ ಸಾಗುತ್ತವೆ. ಅಲ್ಲಿಂದ ಒಂದು ಹಾರ್ನು ಉದ್ದಕ್ಕೆ ಕೇಳುತ್ತದೆ. ಅವಳು ತಟ್ಟನೆ ಎದ್ದು ಹಂಚನ್ನು ಒಲೆಗಿಡುತ್ತಾಳೆ. ಆಮೇಲೆ ನೆನಪಾಗಿ ಇಳಿಸುತ್ತಾಳೆ.

“ಇಮಾಮಣ್ಣ,” ಅನ್ನುತ್ತಾಳೆ. “ಉಣಲಾರದ ಹೊಂಟಾನ, ಪಾಪ.”