ಮಾಯಮ್ಮನ ಅರ್ಧ ಹಾಡು

ಶಾಲಿನ ಜರಿ ಕುತ್ತಿಗೆಗೆ ಚುಚ್ಚುತ್ತಿದೆ, ತೆಗೆದಿಡಬಹುದೋ ಏನೋ, ವೇದಿಕೆಯ ಮೇಲೆ ಕೂತವರಲ್ಲಿ ಯಾರೂ ತೆಗೆದಿಲ್ಲ, ಪಕ್ಕದಲ್ಲಿ ಹಾರ ಹಾಕಿದ ಅವಳ ಫೋಟೋ, ಆಧಾರ್ ಕಾರ್ಡಿನದ್ದು, ದೊಡ್ಡದು ಮಾಡಿಸಿ ಮುಖ ಮಸುಕಾಗಿದೆ, ನನ್ನ ಮಾಯಮ್ಮ ಹೀಗಿರಲಿಲ್ಲ ಎಂದು ಈ ರಾಮನಗರದವರಿಗೆ ಹೇಗೆ ಹೇಳಲಿ — ಕೈಲಾಂಚದಿಂದ ಬರುವಾಗ ಬಸ್ಸಿನಲ್ಲೂ ಅವಳದೇ ದನಿ, ಮುಂದಿನ ಸೀಟಿನ ಹುಡುಗಿಯ ಮೊಬೈಲಿನಲ್ಲಿ, ಆ ಹುಡುಗಿಗೇನು ಗೊತ್ತು ಹಿಂದೆ ಕೂತಿರುವ ಮುದುಕ ಆ ಹಾಡಿದವಳ ಗಂಡ ಕೆಂಪಯ್ಯ ಎಂದು, ಲಕ್ಷಗಟ್ಲೆ ಜನ ಕೇಳವ್ರೆ ಕಣಪ್ಪ, ಮಗಳು ಧನುಶ್ರೀ ಹೇಳುತ್ತಾಳೆ, ಅವ್ವ ಇನ್ನೊಂದ್ ಮೂರು ತಿಂಗ್ಳು ಇದ್ದಿದ್ರೆ ನೋಡ್ಬೋದಾಗಿತ್ತು, ಹೇಳಿ ಅತ್ತ ತಿರುಗುತ್ತಾಳೆ.

ಇದ್ದಾಗ ಕೇಳಿದ್ದು ಯಾರು, ಹುಳುಮನೆಯ ರೇಷ್ಮೆಹುಳುಗಳು, ಆಮೇಲೆ ನಾನು, ಜಗಲಿಯಲ್ಲಿ ಹಚ್ಚದ ಬೀಡಿ ಹಿಡಿದು, ಹಾಡು ಮುಗಿಯುವವರೆಗೂ ಕೂತು, ಮುಗಿದೊಡನೆ ಈಗ ತಾನೇ ಬಂದವನಂತೆ ಕೆಮ್ಮಿ ಒಳಗೆ ಹೋಗುತ್ತಿದ್ದೆ, ಒಂದು ದಿನವಾದರೂ ಚೆನ್ನಾಗಿತ್ತು ಅನ್ನಲಿಲ್ಲ, ಅನ್ನುವ ಬಾಯಿ ಬೈರಮಂಗಲದ ಮದುವೆಯಲ್ಲೇ ಕಟ್ಟಿಹೋಗಿತ್ತು, ಅವಳು ಸೋಬಾನೆ ಎತ್ತಿದಾಗ ಪಂಕ್ತಿಯ ಗಂಡಸರು ಮುದ್ದೆ ಮುರಿದ ಕೈಯನ್ನು ಹಾಗೇ ಹಿಡಿದು ಕೂತಿದ್ದರು, ಪಕ್ಕದ ಎಲೆಯಲ್ಲಿ ಕೂತಿದ್ದ ದಾಸಪ್ಪ ನನ್ನ ಪಕ್ಕೆಗೆ ತಿವಿದು, ಏನ್ಲಾ ಕೆಂಪ, ನಿನ್ನೆಂಡ್ರು ಹಾಡಿದ್ರೆ ಗಂಡಸ್ರು ಊಟಾನೇ ಮರ್ತ್‌ಬುಡ್ತಾರಲ್ಲೋ, ಎಲ್ಲರೂ ನಕ್ಕರು, ನಾನೂ ನಕ್ಕೆ, ಮನೆಗೆ ಬಂದು, ಇನ್ಮ್ಯಾಲೆ ಎಲ್ಲೂ ಹಾಡ್‌ಕೂಡ್ದು ಅಂದೆ, ಆಯ್ತು ಬುಡಿ ಅಂದಳು, ಅಷ್ಟೇ, ಕಾರಣ ಕೂಡ ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದೆ — ಆಮೇಲೊಮ್ಮೆ ರೇಡಿಯೋದವರು ಹುಡುಕಿಕೊಂಡು ಬಂದರು, ಮಾಯಮ್ಮ ಅಂತ ಹಾಡೋರು ಇದೇ ಮನೆಯಲ್ವಾ, ಇಲ್ಲಿ ಹಾಡೋರು ಯಾರೂ ಇಲ್ಲ ಕಣ್ರಪ್ಪ ಅಂದೆ, ಬಾಗಿಲ ಹಿಂದೆ ಅವಳ ಬಳೆ ಸದ್ದಾಯಿತು, ಆ ಸಂಜೆಯೂ ಎಂದಿನಂತೆ ಬಿಸಿ ಮುದ್ದೆ ಬಡಿಸಿದಳು, ಉಪ್ಪು ಸರಿ ಐತಾ ಎಂದು ಕೇಳಿದಳು.

ಈಗ ಮೈಕಿನ ಮುಂದೆ ನಿಖಾತ್, ಧನುಶ್ರೀಯ ಜೊತೆ ಓದಿದವಳು, ಹಾಡು ಹಿಡಿದವಳು ಇವಳೇ, ಹೋದ ವರ್ಷ ಮನೆಗೆ ಬಂದು, ಆಂಟಿ ಒಂದೇ ಒಂದು ಅಂತ ಗೋಗರೆದು, ಮೊಬೈಲು ಹಿಡಿದಿದ್ದಳು, ಸಭೆಗೆ ಹೇಳುತ್ತಿದ್ದಾಳೆ, ಇದು ಅವರೇ ಕಟ್ಟಿದ ಪದ, ಅರ್ಧಕ್ಕೇ ನಿಂತಿದೆ, ಉಳಿದದ್ದು ಯಾರಿಗೂ ಗೊತ್ತಿಲ್ಲ, ಯಾಕೆ ನಿಂತಿತು ಎಂದು ಅವಳು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ, ಪುಣ್ಯಾತ್ಗಿತ್ತಿ, ಹಾಡಿನ ತುದಿಗೆ ಬಿದ್ದಿದ್ದ ನನ್ನ ದನಿಯನ್ನು ಕತ್ತರಿಸಿ ತೆಗೆದವಳೂ ಇವಳೇ — ಹಾಡು ಹಾಕಿದರು, ಸಭಾಂಗಣವೆಲ್ಲ ಮಾಯಮ್ಮ, ಹಸಿರೆಲೆ ಉಂಡವನೆ ಹೊನ್ನೆಳೆ ಸುತ್ತಿದವನೆ, ನೀ ಕಟ್ಟಿದ ಮನೆಗೆ ನಿನಗ್ಯಾಕೆ ಬಾಗಿಲಿಲ್ಲ, ಮುಂದಿನ ಸಾಲಿಗೆ ಉಸಿರು ಎಳೆದುಕೊಳ್ಳುತ್ತಾಳೆ, ಅಷ್ಟೇ, ಚಪ್ಪಾಳೆ, ಮೊದಲ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತಾಳೆ, ನಿರೂಪಕನ ದನಿ, ಈಗ ಕೆಂಪಯ್ಯನವರಿಂದ ಎರಡು ಮಾತು, ಪತ್ನಿಗೆ ಅವರು ಕೊಟ್ಟ ಪ್ರೋತ್ಸಾಹದ ಬಗ್ಗೆ, ಮೈಕು ನನ್ನ ಬಾಯಿಯ ಹತ್ತಿರ ಬಂತು, ತಣ್ಣಗಿದೆ, ನಾನ್ ಏನೂ ಕೊಡ್ನಿಲ್ಲ, ಅನ್ನುತ್ತಿದ್ದೇನೆ, ಅರ್ಧಕ್ಕೆ ನಿಲ್ಸಿದ್ದು ನಾನೇ ಕಣ್ರಪ್ಪ, ಯಾರ್ನ ಕೇಳ್ಕಂಡು ಹಾಡ್ತಿದ್ದೀಯಮ್ಮಿ ಅಂತ ಕೂಗ್‌ಬುಟ್ಟೆ, ಇನ್ನೂ ಏನೋ ಹೇಳಬೇಕು, ಮುಂದಿನ ಸಾಲು ನನಗೂ ಗೊತ್ತಿಲ್ಲ ಎಂದು, ಆ ಪದ ಅವತ್ತೇ ಮೊದಲು ಕಿವಿಗೆ ಬಿದ್ದದ್ದು, ಆಮೇಲೆ ಅವಳನ್ನು ಕೇಳಲೇ ಇಲ್ಲ ಎಂದು, ಆದರೆ ಕಣ್ಣ ಮುಂದೆ ಅದೇ ದಿನ, ನನ್ನ ಕೂಗಿಗೆ ಹುಳುಮನೆಯ ಬಾಗಿಲಲ್ಲಿ ಅವಳು ನನ್ನ ಕಡೆ ತಿರುಗಿದ್ದಾಳೆ, ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು, ತೆರೆದ ಬಾಯಿ, ಇನ್ನೂ ಮುಚ್ಚಿಲ್ಲ, ಕೈಯಲ್ಲಿ ಸೊಪ್ಪು, ತೆರೆದ ಬಾಯಿ —