ದೇವರ ಜಗಲಿಯ ಗೂಟಕ್ಕೆ ಬಿದ್ದ ಕೈಚೀಲ

ನಾನು ಒಂದು ಕೈಚೀಲ. ಪ್ಲಾಸ್ಟಿಕ್ಕಿನ ಜಾತಿಯಲ್ಲ, ದಪ್ಪ ಕೋರಾ ಬಟ್ಟೆಯದು. ಎರಡು ಗಟ್ಟಿ ಹಿಡಿಕೆ, ಅಡಿಯಲ್ಲಿ ಜೋಡಿ ಹೊಲಿಗೆ. ಜೋಳ ತುಂಬಿ ಹೊತ್ತರೂ ಹರಿಯುವುದಿಲ್ಲ ಎಂದು ನನ್ನನ್ನು ಹೊಲಿದ ದರ್ಜಿ ಹೇಳಿದ್ದ. ಆ ಮಾತು ನಿಜವೋ ಸುಳ್ಳೋ ಎಂದು ನೋಡುವ ಭಾಗ್ಯ ನನಗೆ ಬಹಳ ವರ್ಷ ಬರಲಿಲ್ಲ.

ರಾಣೆಬೆನ್ನೂರಿನ ಒಂದು ಸಂದಿಯಲ್ಲಿ ಫಕ್ಕೀರಪ್ಪನ ಖಣದ ಅಂಗಡಿ ಇತ್ತು. ಖಣವೆಂದರೆ ಕುಪ್ಪಸದ ಬಟ್ಟೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅದು ಬೇಕೇ ಬೇಕು. ಸರಕು ಒಳ್ಳೆಯದು, ದರ ನ್ಯಾಯದ್ದು, ಆದರೆ ಆ ಸಂದಿಯೊಳಗೆ ಬರುವವರೇ ಕಡಿಮೆ. ದೊಡ್ಡ ಬೀದಿಯ ಅಂಗಡಿಯವರು ಬಾಗಿಲಿಗೇ ನಿಂತು "ಬರ್ರಿ ಅಕ್ಕಾರ, ಬರ್ರಿ" ಎಂದು ಕೂಗುತ್ತಿದ್ದರು. ಸೆರಗು ಹಿಡಿದು ಎಳೆಯುವುದೊಂದು ಬಾಕಿ. ಫಕ್ಕೀರಪ್ಪನಿಗೆ ಆ ಬಾಯಿ ಇರಲಿಲ್ಲ. ಗಿರಾಕಿ ಬಂದರೆ ಎದ್ದು ನಿಲ್ಲುತ್ತಿದ್ದ, ನಗುತ್ತಿದ್ದ, ಅಷ್ಟೇ.

ಹೀಗಾದರೆ ಅಂಗಡಿ ಉಳಿಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಬಾಯಿಂದ ಕರೆಯಲು ಬಾರದವನು ಬರೆದಾದರೂ ಕರೆಯುತ್ತೇನೆ ಎಂದು ಹೊರಟ. ಖಣ ಕೊಂಡವರಿಗೆಲ್ಲ ಒಂದೊಂದು ಚೀಲ, ಚೀಲದ ಮೇಲೆ ಅಂಗಡಿಯ ವಿಳಾಸ, ಜೊತೆಗೆ ಕರೆಯುವ ಒಂದು ಮಾತು. ಚೀಲ ಊರೆಲ್ಲ ತಿರುಗಿದರೆ ಮಂದಿ ಓದುತ್ತಾರೆ, ಓದಿದವರು ಬರುತ್ತಾರೆ ಎಂಬುದು ಅವನ ಲೆಕ್ಕ. ಆದರೆ ಆ ಒಂದು ಮಾತು ಹೊಳೆಯಬೇಕಲ್ಲ! "ನಾಡಿಗೇ ಹೆಸರಾದ" ಎಂದು ಬರೆದು, ತನಗೇ ನಾಚಿಕೆಯಾಗಿ ಹೊಡೆದುಹಾಕಿದ. ಬಹಳ ದಿನ ತಿಣುಕಾಡಿ ಕೊನೆಗೆ ಹೆಂಡತಿ ಕಾಶವ್ವನಿಗೆ ಓದಿ ತೋರಿಸಿದ್ದು ಇದು: "ಕೊಳ್ಳದಿದ್ದರೂ ಚಿಂತೆಯಿಲ್ಲ. ಒಳಗೆ ಬನ್ನಿ, ಕುಳಿತು ನೀರು ಕುಡಿದು ಹೋಗಿ."

"ಚಂದ ಐತ್ರಿ," ಎಂದಳು ಕಾಶವ್ವ. "ಆದ್ರ ಬರೇ ಅಕ್ಷರ ಆತಲ್ಲ. ಮ್ಯಾಲ ದೊಡ್ಡದಾಗಿ ಲಕ್ಷ್ಮೀನ್ನ ಹಾಕಸ್ರಿ. ದೇವ್ರಿದ್ದ ಚೀಲಾ ಯಾರೂ ತಿಪ್ಪಿಗೆ ಒಗಿಯೂದಿಲ್ಲ."

ಅವನಿಗೂ ಅದು ಹೌದೆನಿಸಿತು. ಕಮಲದ ಮೇಲೆ ಕುಳಿತ ಕೆಂಪು ಲಕ್ಷ್ಮಿ, ಕೆಳಗೆ ನೀಲಿ ಅಕ್ಷರ. ಹೀಗೆ ನಾನೂ ನನ್ನ ಅಣ್ಣತಮ್ಮಂದಿರೂ ಅಚ್ಚಾಗಿ ಬಂದೆವು. ನನ್ನನ್ನು ಗಿರಾಕಿಯ ಕೈಗೆ ಕೊಡುವ ಮುಂಚೆ ಫಕ್ಕೀರಪ್ಪ ಆ ನೀಲಿ ಅಕ್ಷರಗಳ ಮೇಲೆ ಒಮ್ಮೆ ಕೈಯಾಡಿಸಿದ. ಇವನಿಗೆ ಒಬ್ಬ ಗಿರಾಕಿಯನ್ನಾದರೂ ಕರೆತರಬೇಕು ಎಂದು ನಾನು ಆಗಲೇ ಆಸೆಪಟ್ಟೆ.

ನನ್ನನ್ನು ಒಯ್ದವಳು ಅದೇ ಊರಿನ ನೀಲವ್ವ. ಮನೆಗೆ ಹೋದವಳೇ ನನ್ನನ್ನು ಕಣ್ಣಿಗೆ ಒತ್ತಿಕೊಂಡು ದೇವರ ಜಗಲಿಯ ಪಕ್ಕದ ಗೂಟಕ್ಕೆ ತೂಗುಹಾಕಿದಳು. ಒಳಗೆ ಹತ್ತಿ ಬತ್ತಿ, ಕರ್ಪೂರ, ವಿಭೂತಿ ಉಂಡೆ ಇಟ್ಟಳು. ಸಂತೆಯ ದಿನ ಅವಳ ಗಂಡ ಹಾಲಪ್ಪ ನನ್ನತ್ತ ಕೈಚಾಚಿದಾಗ ನನಗೆ ಎಲ್ಲಿಲ್ಲದ ಹಿಗ್ಗು.

"ಅಯ್ಯ, ಕೈ ತಗೀರಿ!" ಎಂದು ನೀಲವ್ವ ಒಳಗಿನಿಂದಲೇ ಚೀರಿದಳು. "ಲಕ್ಷ್ಮಿ ಅದಾಳ ಅದರ ಮ್ಯಾಲ. ಉಳ್ಳಾಗಡ್ಡಿ ತುಂಬತೀರೇನು?"

ಹಾಲಪ್ಪ ಗಲ್ಲ ಬಡಿದುಕೊಂಡು, ಗೊಬ್ಬರದ ಖಾಲಿ ಚೀಲ ಹಿಡಿದು ಹೊರಟ. ಆ ಗೊಬ್ಬರದ ಚೀಲ ಸಂತೆ ಕಂಡಿತು, ಬಸ್ ಸ್ಟ್ಯಾಂಡ್ ಕಂಡಿತು. ಓದಲು ಅದರ ಮೇಲೆ ಏನಿತ್ತು, ಮಣ್ಣು? ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ತಪ್ಪಲ್ಲ.

ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರಿಂದ ನನ್ನ ಅಣ್ಣತಮ್ಮಂದಿರ ಸುದ್ದಿ ಸಿಗುತ್ತಿತ್ತು. ಒಬ್ಬನನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಇಟ್ಟಿದ್ದರು. ಇನ್ನೊಬ್ಬನಿಗೆ ದೇವರ ಫೋಟೋದ ಹಿಂದೆ ಜಾಗ. ಯಾರೂ ಬಿಸಾಡಿರಲಿಲ್ಲ. ಯಾರೂ ಬೀದಿಗೂ ತಂದಿರಲಿಲ್ಲ.

ಒಮ್ಮೆ ಫಕ್ಕೀರಪ್ಪನೇ ನೀಲವ್ವನನ್ನು ಕೇಳಿದನಂತೆ, ಚೀಲ ಹೇಗಿದೆ ಎಂದು. ಅವಳು ಮನೆಗೆ ಬಂದು ಗಂಡನಿಗೆ ಹೇಳುತ್ತಿದ್ದಳು: "ದೇವರ ಜಗಲಿಗೆ ಇಟ್ಟೇನಿ ಅಂದೆ. ಪಾಪ, ಕೈ ಮುಗದು, ನನ್ನ ಪುಣ್ಯಾರಿ ಅಕ್ಕಾರ ಅಂದ." ಗೂಟದ ಮೇಲೆ ನಾನು ಒಳಗೊಳಗೇ ಕುದಿದೆ. ಪುಣ್ಯ ಕಟ್ಟಿಕೊಂಡು ಏನು ಮಾಡುತ್ತೀಯೋ ಮಾರಾಯ, ನನ್ನನ್ನು ಸಂತೆಗೆ ಒಯ್ಯಿರಿ ಅನ್ನಬಾರದಿತ್ತೇ!

ಮುಂದೆ ಒಂದು ನಾಗರಪಂಚಮಿಗೆ ಖಣ ತರಲು ಹೋದ ನೀಲವ್ವ ಬರಿಗೈಯಲ್ಲಿ ಬಂದಳು. ಅಂಗಡಿ ಮುಚ್ಚಿತ್ತು. ಫಕ್ಕೀರಪ್ಪ ದೊಡ್ಡ ಬೀದಿಯ ಅಂಗಡಿಯೊಂದರಲ್ಲಿ ಸೀರೆ ಮಡಚುವ ಕೆಲಸಕ್ಕೆ ಸೇರಿದ್ದ. ಅಲ್ಲಿ ಅವನು ಸಿಕ್ಕು ಅವಳಿಗೆ ಹೇಳಿದ್ದು ಇಷ್ಟೇ: "ಮಂದೀನ್ನ ಕರಿಯೂ ಮಾತು ನನಗ ಬರಿಯಾಕ ಬರಲಿಲ್ರಿ ಅಕ್ಕಾರ." ಆ ದಿನ ನನಗಾದ ದುಃಖವನ್ನು ಯಾರಿಗೆ ಹೇಳಲಿ? ಅವನು ಬರೆದ ಮಾತು ನನ್ನ ಎದೆಯ ಮೇಲೆಯೇ ಇತ್ತು, ಕೈಮುಗಿದವರ ಕಣ್ಣು ಮಾತ್ರ ಲಕ್ಷ್ಮಿಯನ್ನು ದಾಟಿ ಕೆಳಗಿಳಿದಿರಲಿಲ್ಲ.

ವರ್ಷಗಳು ಉರುಳಿದವು. ಎಣ್ಣೆ ಕೈ ತಗುಲಿ, ಹಬ್ಬಕ್ಕೊಮ್ಮೆ ಒಗೆದು, ಕೆಂಪು ಬಣ್ಣ ಸ್ವಲ್ಪ ಸ್ವಲ್ಪವೇ ಬಿಟ್ಟುಹೋಯಿತು. ನೀಲಿ ಮಾತ್ರ ಹಟಮಾರಿ, ಹೋಗಲಿಲ್ಲ. ಒಂದು ದಿನ ಸೊಸೆ ಶೈಲಾ ನನ್ನನ್ನು ಗೂಟದಿಂದ ತೆಗೆದು ಕೇಳಿದಳು: "ಅತ್ತೀ, ಇದರ ಮ್ಯಾಲ ದೇವ್ರು ಎಲ್ಲಿ ಅದಾರ?"

ನೀಲವ್ವ ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಹೌದವಾ, ಲಕ್ಷ್ಮಿ ಹೋಗ್ಯಾಳ. ಒಯ್ಯಿ ಸಂತಿಗೆ."

ಹಾಗೆ ನಾನು ಮುಪ್ಪಿನಲ್ಲಿ ಚೀಲವಾದೆ. ಬದನೆಕಾಯಿ, ಮೆಂತ್ಯ ಸೊಪ್ಪು, ಹಸಿಮೆಣಸಿನಕಾಯಿ ತುಂಬಿಕೊಂಡೆ. ದರ್ಜಿಯ ಮಾತು ನಿಜ, ಹೊಲಿಗೆ ಬಿಡಲಿಲ್ಲ. ಟೊಮೆಟೊ ಆರಿಸುತ್ತಿದ್ದ ಒಬ್ಬ ಹೆಣ್ಣುಮಗಳು ನನ್ನನ್ನು ಕಂಡು, ಗಟ್ಟಿಯಾಗಿ ಓದಿ ನಕ್ಕಳು.

"ಎಲ್ಲಿ ಬರತೈತ್ರಿ ಈ ಅಂಗಡಿ? ನನ್ನ ತಂಗಿಗೆ ಖಣ ತಗೋಬೇಕಾಗಿತ್ತು."

"ಅದು ಹಿಂದನ ಮುಚ್ಚೇತ್ರಿ," ಎಂದಳು ಶೈಲಾ.

"ಛೇ! ಇಂಥ ಮಾತು ಬರದಾವರು ಮನಷ್ಯಾರು ಚಲೋ ಇರಬೇಕು. ಇದ್ದಿದ್ರ ಈಗ ಹೋಗ್ತಿದ್ದೆ ನೋಡ್ರಿ."

ನನ್ನ ಜೀವಮಾನದ ಮೊದಲ ಗಿರಾಕಿ ಅವಳು. ಕಳಿಸಲು ನನ್ನ ಬಳಿ ಅಂಗಡಿ ಇರಲಿಲ್ಲ.

ಸಂತೆಯಿಂದ ಮನೆಗೆ ಹೋಗುವ ದಾರಿ ಆ ದೊಡ್ಡ ಬೀದಿಯ ಮೇಲೆಯೇ. ಅಲ್ಲಿನ ಸೀರೆ ಅಂಗಡಿಯೊಳಗೆ ತಲೆ ನರೆತ ಫಕ್ಕೀರಪ್ಪ ಬೆನ್ನು ಮಾಡಿ ಕುಳಿತು ಸೀರೆ ಮಡಚುತ್ತಿರುತ್ತಾನೆ. ಒಮ್ಮೆಯಾದರೂ ತಿರುಗಿ ನೋಡಲಿ ಎಂದು ನಾನು ಪ್ರತಿ ವಾರ ಬಯಸುತ್ತೇನೆ. ಅಚ್ಚಾದ ಆ ಒಂದು ಮಾತು ಬಿಟ್ಟರೆ ನನಗೆ ಬೇರೆ ಬಾಯಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ: ನಿನಗೆ ಬರೆಯಲು ಬಂದಿತ್ತು ಫಕ್ಕೀರಪ್ಪ, ಅದನ್ನು ಯಾರೂ ಓದಿರಲಿಲ್ಲ.