ಕಿನಾಸಿಹ್ ಬಿದ್ದದ್ದು

ಕಿನಾಸಿಹ್ ಮದುವೆಮನೆಯ ವೇದಿಕೆಯಿಂದ ಬಿದ್ದಾಗ ನಾನು ಅವಳ ಪಕ್ಕದಲ್ಲೇ ಇದ್ದೆ. ಕೆದಿರಿ ಊರಿನ ಸುತ್ತಮುತ್ತ ಮದುವೆ, ಸುನ್ನತಿ ಸಮಾರಂಭಗಳಲ್ಲಿ ದಂಗ್ದುತ್ ಎಂಬ ಕುಣಿತದ ಹಾಡು ಹಾಡುವ ತಂಡ ನಮ್ಮದು. ಅವಳು ಮುಖ್ಯ ಗಾಯಕಿ, ನಾನು ಎರಡನೆಯವಳು; ಡೋಲು ಬಾರಿಸುವ ಸುಗೆಂಗ್ ಅವಳ ಗಂಡ. ಅವತ್ತು ಮಳೆ ಬಂದು ಹಲಗೆ ಜಾರುತ್ತಿತ್ತು. ಚಪ್ಪಲಿಯ ಹಿಮ್ಮಡಿ ಮೈಕಿನ ವೈರ್‌ಗೆ ಸಿಕ್ಕಿ, ಕೆಳಗಿದ್ದ ಚೆಂಡೋಲ್ ಪಾನಕದ ಹಂಡೆಯ ಮೇಲೆ ಹೊಟ್ಟೆಯಡಿಯಾಗಿ ಬಿದ್ದಳು. ತೆಂಗಿನಹಾಲು, ಹಸಿರು ಶ್ಯಾವಿಗೆ ತಲೆತುಂಬ. ಚಪ್ಪರವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ನಕ್ಕಳು. ಎದ್ದು ಬಂದು ಹಾಡು ಮುಗಿಸಿದಳು.

ಸಂಜೆಗೆ ರಕ್ತ ಹೋಗತೊಡಗಿತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು. ಸೂಲಗಿತ್ತಿ ಹೊರಗೆ ಬಂದು ತಲೆಯಲ್ಲಾಡಿಸಿದಾಗ ಸುಗೆಂಗ್ ಬಾಗಿಲಲ್ಲೇ ಕುಸಿದು ಕೂತ.

ಅಷ್ಟರಲ್ಲಿ ಯಾರೋ ಆ ವಿಡಿಯೊಗೆ ಬಾತುಕೋಳಿ ಕೂಗು ಸೇರಿಸಿ ಹರಿಬಿಟ್ಟಿದ್ದರು. ನೋಡನೋಡುತ್ತಿದ್ದಂತೆ ಅವಳು ದೇಶಕ್ಕೆಲ್ಲ 'ಚೆಂಡೋಲ್ ರಾಣಿ' ಆದಳು. ಜಕಾರ್ತದ ಟಿವಿಯವರು ಕರೆದರು. ಸುಗೆಂಗ್ ಬೇಡವೆಂದ.

"ಮಗು ಅಂತೂ ಹೋಯ್ತು. ಹಾಡಾದ್ರೂ ಉಳೀಲಿ ಬಿಡಿ," ಅಂದಳು ಕಿನಾಸಿಹ್. "ಕರ್ದಿದ್ದಾರೆ ಅಂದ್ಮೇಲೆ ಹಾಡಿಸ್ದೆ ಇರ್ತಾರಾ?"

ಜೊತೆಗೆ ನಾನು ಹೋದೆ. ರೈಲಿನುದ್ದಕ್ಕೂ ಒಂದೇ ಹಾಡು ಗುನುಗುತ್ತಿದ್ದಳು, ಕಿಟಕಿಗೆ ಮುಖ ಕೊಟ್ಟು. ಸ್ಟುಡಿಯೊದಲ್ಲಿ ಗಿಡ್ಡ ವೇದಿಕೆ, ಕೆಳಗೊಂದು ಪ್ಲಾಸ್ಟಿಕ್ ತೊಟ್ಟಿ, ಅದರ ತುಂಬ ಹಸಿರು ನೀರು. ಅವಳು ಒಂದು ಸಾಲು ಹಾಡಿದ್ದಳಷ್ಟೆ, ನಿರೂಪಕ ಮೈಕು ಕಿತ್ತುಕೊಂಡ.

"ಅಯ್ಯೋ ರಾಣಿಯವ್ರೇ, ಹಾಡೋರು ಬೀದಿಗೊಬ್ರು ಸಿಗ್ತಾರೆ! ನೀವು ಬೀಳಿ!"

ಜನ ಚಪ್ಪಾಳೆ ತಟ್ಟಿದರು. ಕಿನಾಸಿಹ್ ನನ್ನ ಕಡೆ ನೋಡಿದಳು. ಆಮೇಲೆ ಬಿದ್ದಳು. ಕ್ಯಾಮೆರಾಕ್ಕೆ ಮುಖ ಸಿಗಲಿಲ್ಲವೆಂದರು, ಮತ್ತೆ ಬಿದ್ದಳು.

ಬಚ್ಚಲಲ್ಲಿ ಅವಳ ತಲೆ ಒರೆಸುತ್ತಿದ್ದೆ. "ತುತಿಕ್," ಅಂದಳು, "ಮೊದಲ್ನೇ ಸಲ ಬಿದ್ದಾಗ ನಾನೂ ನಕ್ಕೆ ಕಣೆ. ಒಳಗೆ ಅದು ಸಾಯ್ತಿತ್ತು, ನಾನು ಹಲ್ಲು ಕಿರೀತಿದ್ದೆ."

ಟವೆಲ್ ಹಿಂಡಿ ಮತ್ತೆ ಒರೆಸತೊಡಗಿದೆ.

ಕಾರ್ಯಕ್ರಮ ನೋಡಿದ ಸುಗೆಂಗ್ ತಡೆಯಲಾರದೆ, ಮಗು ಹೋದ ಸಂಗತಿಯನ್ನು ಆ ವಿಡಿಯೊದ ಕೆಳಗೆ ಬರೆದುಬಿಟ್ಟ. ಸ್ವಲ್ಪ ಜನ ಅಯ್ಯೋ ಅಂದರು. ಉಳಿದವರು, "ಹೆಸರು ಮಾಡೋಕೆ ಹೊಸ ನಾಟಕ," "ಮುಂದಿನ ಸಲ ಮಗೂನೂ ಎತ್ಕೊಂಡು ಬೀಳಮ್ಮ," ಅಂತ ಬರೆದರು. ಕಿನಾಸಿಹ್ ಒಂದೊಂದನ್ನೂ ಓದಿದಳು. ಫೋನ್ ಕಿತ್ತುಕೊಳ್ಳಲು ಹೋದರೆ ಕೈ ಬಿಡಲಿಲ್ಲ.

ಆಮೇಲೆ ಹೋದಲ್ಲೆಲ್ಲ ಅದೇ ಕೂಗು. ಪಾರೆ ಎಂಬ ಊರಿನ ಒಂದು ಮದುವೆಯಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಚಪ್ಪರವೆಲ್ಲ "ಬೀಳು! ಬೀಳು!" ಎಂದು ತಾಳ ಹಾಕಿತು. ಮದುಮಗನೂ ಫೋನ್ ಎತ್ತಿ ಹಿಡಿದಿದ್ದ. ಕಿನಾಸಿಹ್ ಮೈಕನ್ನು ಮೆಲ್ಲಗೆ ನೆಲಕ್ಕಿಟ್ಟಳು. ಗಳ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಜನ ಕೂಗಿ ಹೀಯಾಳಿಸಿದರು. ತಂಡದ ಯಜಮಾನ ಕಣ್ಸನ್ನೆ ಮಾಡಿದ; ಹಾಡು ನಾನು ಮುಗಿಸಿದೆ.

ಈಗ ಅವಳು ಪೊನೊರೊಗೊದಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಕಳೆದ ತಿಂಗಳು ಹೋಗಿದ್ದೆ. ಟೀ ಕೊಟ್ಟಳು, ಸುಗೆಂಗ್ ಊಟ ಸರಿಯಾಗಿ ಮಾಡ್ತಾನಾ ಅಂತ ಕೇಳಿದಳು. ಮಾತಾಡುವಾಗ ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು. ಡಾಕ್ಟರು ಗಂಟಲು ಚೆನ್ನಾಗೇ ಇದೆ ಅನ್ನುತ್ತಾರಂತೆ.